ನಮ್ಮನೆಯ ಕುಳ್ಳ ಕಟ್ಟೆ

ಇನ್ನು ಮುಂದೆ ಈ ಮನೆಯಲ್ಲಿ ಪಾತ್ರೆ ತೊಳೆಯಲು ಯಾರೂ ಸೊಂಟ ಬಗ್ಗಿಸತಕ್ಕದ್ದಲ್ಲ! ಎಂಬತ್ತೇಳರ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ, ಟಿಮರು ಊರಿನ ನಮ್ಮ ಅಡುಗೆಮನೆಯಲ್ಲಿ, ಕೈಯಲ್ಲಿ ಹಾರೆ ಹಿಡಿದು ನಾನು ಹೀಗೆಂದು ಘೋಷಿಸಿದೆ. ಸಭಿಕರು ಇಬ್ಬರೇ. ಹೆಂಡತಿ ನೊಯ್ಲೀನ್, ಮಗಳು ಟ್ರೂಡಿ. ಟ್ರೂಡಿ ಚಪ್ಪಾಳೆ ತಟ್ಟಿದಳು. ನೊಯ್ಲೀನ್ ತಟ್ಟಲಿಲ್ಲ.

ನನ್ನ ಶತ್ರುವನ್ನು ಪರಿಚಯಿಸಿಬಿಡುತ್ತೇನೆ. ಅದು ಸಿಂಕ್ ಕೂರಿಸಿದ ಒಂದು ಮರದ ಕಟ್ಟೆ. ನಮ್ಮ ಮದುವೆಗೆ ಮಾವ ಕ್ಲ್ಯಾರಿ ಕೈಯಾರೆ ಮಾಡಿಕೊಟ್ಟದ್ದು. ಮಾವ ಜೀವಮಾನವಿಡೀ ಬಸ್ಸು ಓಡಿಸಿದವರು. ಮರಗೆಲಸ ಅವರ ಹುಚ್ಚು, ಕಸುಬಲ್ಲ. ಕಟ್ಟೆಯ ಮೇಲೆ ಮೊಟ್ಟೆ ಇಟ್ಟರೆ ಅದು ತಾನಾಗಿ ಉರುಳಿ ಸಿಂಕಿಗೆ ಬೀಳುತ್ತಿತ್ತು. ಹೋಗಲಿ, ಅದನ್ನು ಸಹಿಸಬಹುದು. ಆದರೆ ನೊಯ್ಲೀನ್ ಕುಳ್ಳಿ. ಅವಳ ನೆತ್ತಿ ನನ್ನ ಅಂಗಿಯ ಜೇಬಿಗೆ ಬರುತ್ತದೆ. ಮಾವ ಕಟ್ಟೆಯನ್ನು ಮಗಳ ಅಳತೆಗೇ ಮಾಡಿದ್ದರು. ಅಡುಗೆ ಅವಳದು, ಪಾತ್ರೆ ನನ್ನದು ಎಂದು ಮದುವೆಯ ದಿನವೇ ಒಪ್ಪಂದವಾಗಿತ್ತು. ಆ ಕಟ್ಟೆಯ ಮುಂದೆ ಎರಡು ತಟ್ಟೆ ಉಜ್ಜುವುದರೊಳಗೆ ನನ್ನ ಸೊಂಟ ಹಿಡಿದುಕೊಳ್ಳುತ್ತಿತ್ತು. ಒಮ್ಮೊಮ್ಮೆ ಉಜ್ಜುವುದಕ್ಕೆ ಮೊದಲೇ ಹಿಡಿದುಕೊಳ್ಳುತ್ತಿತ್ತು.

"ಹೊಸ ಅಡುಗೆಮನೆ ಮಾಡಿಸೋ ದುಡ್ಡು ಕೈಗೆ ಬಂತಾ?" ಎಂದಳು ನೊಯ್ಲೀನ್.

"ಷೇರು ಏರ್ತಾ ಇದೆಯಲ್ಲ. ಬಂದ ಹಾಗೇ."

"ಹಾಗಾದ್ರೆ ಮೊದಲು ಮಾರು, ಆಮೇಲೆ ಒಡಿ."

"ಇನ್ನೊಂದು ವಾರ ಬಿಟ್ರೆ ಪಾತ್ರೆ ತೊಳೆಯೋ ಮಷೀನೂ ಬರುತ್ತೆ. ನಿಂಗೆ ವ್ಯವಹಾರ ಗೊತ್ತಾಗಲ್ಲ ಕಣೇ."

"ಅಪ್ಪಂಗೆ ಏನು ಹೇಳ್ತೀಯ?"

"ಹೊಸ ಅಡುಗೆಮನೆ ನೋಡಿದ್ರೆ ಅವರೇ ಖುಷಿಪಡ್ತಾರೆ, ಸುಮ್ನಿರು."

ಆ ವರ್ಷ ನಮ್ಮ ಬೀದಿಯಲ್ಲಿ ಷೇರು ಇಲ್ಲದವನೇ ಇರಲಿಲ್ಲ. ಮಾಂಸದ ಅಂಗಡಿಯವನು ಸಾಸೇಜು ಕಟ್ಟಿಕೊಡುತ್ತ ಯಾವ ಕಂಪನಿ ಕೊಳ್ಳಬೇಕೆಂದು ಹೇಳುತ್ತಿದ್ದ. ಕಾರ್ಪೆಟ್ ಮಾರುವ ನಾನು ಗಿರಾಕಿಗಳಿಗೆ ಕಾರ್ಪೆಟ್ ಬಿಟ್ಟು ಉಳಿದೆಲ್ಲ ವಿವರಿಸುತ್ತಿದ್ದೆ. ಅಂಥ ಪಂಡಿತನ ಹಾರೆಗೆ ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆ ನೆಲಸಮವಾಯಿತು. ಒಲೆ, ಕಪಾಟು, ಕಟ್ಟೆ ಎಲ್ಲವನ್ನೂ ಟ್ರೇಲರಿಗೆ ಹೇರಿ ಊರಾಚೆಯ ಕಸದ ಗುಂಡಿಗೆ ಎಸೆದು, ಸಿಳ್ಳೆ ಹಾಕುತ್ತ ಮನೆಗೆ ಬಂದೆ.

ಮಂಗಳವಾರ ಬೆಳಿಗ್ಗೆ ರೇಡಿಯೋ ಬಾಯಿಬಿಟ್ಟಿತು. ನ್ಯೂಯಾರ್ಕಿನಲ್ಲಿ ಷೇರುಪೇಟೆ ಬಿದ್ದಿತ್ತು, ನಮ್ಮದು ಅದರ ಹಿಂದೆಯೇ ಹೊರಟಿತ್ತು. ದಲ್ಲಾಳಿಗೆ ಫೋನು ಮಾಡಿದರೆ ಲೈನೇ ಸಿಗದು. ಮಧ್ಯಾಹ್ನಕ್ಕೆ ನನ್ನ ಪಾತ್ರೆ ತೊಳೆಯುವ ಮಷೀನು ಹೋಯಿತು. ಸಂಜೆಗೆ ಕಪಾಟುಗಳು ಹೋದವು. ಗುರುವಾರದ ಹೊತ್ತಿಗೆ ನನ್ನ ಷೇರಿಗೆಲ್ಲ ಸೇರಿ ಒಂದು ನಲ್ಲಿ ಸಿಗಬಹುದಿತ್ತು, ಅದೂ ಚೌಕಾಸಿ ಮಾಡಿದರೆ.

ಅಡುಗೆ ಹಿತ್ತಲಿನ ಕೆಂಡಕ್ಕೆ ಬಂತು. ಪಾತ್ರೆ ಬಚ್ಚಲಮನೆಯ ಟಬ್ಬಿಗೆ ಹೋಯಿತು. ಸೊಂಟ ಬಗ್ಗಿಸಲಾರೆ ಎಂದು ಗುಡುಗಿದ ಮಹಾಶೂರ ಈಗ ಟಬ್ಬಿನ ಮುಂದೆ ಮಂಡಿಯೂರಿ ಬಾಣಲೆ ಉಜ್ಜತೊಡಗಿದ. "ಅಪ್ಪಾ, ಸ್ನಾನಕ್ಕೆ ಕೂತ್ರೆ ಫೋರ್ಕ್ ಚುಚ್ಚುತ್ತೆ," ಎಂದು ಟ್ರೂಡಿ ದೂರಿದಳು. ತೊಳೆದದ್ದಕ್ಕಿಂತ ತೊಳೆಯದ್ದೇ ಟಬ್ಬಿನಲ್ಲಿ ಹೆಚ್ಚಿತ್ತು.

ನೊಯ್ಲೀನ್ ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಖಾಲಿ ಗೋಡೆಯ ಮುಂದೆ ನಿಂತು ಅಂದಳು, "ದುಡ್ಡು ಹಾಳಾಗಲಿ ಬೆವನ್. ಸೋಮವಾರ ಲೇಬರ್ ಡೇ ರಜೆ, ಪ್ರತಿ ವರ್ಷದ ಹಾಗೆ ಅಪ್ಪ ಟೊಮ್ಯಾಟೊ ಸಸಿ ತಗೊಂಡು ಬರ್ತಾರೆ. ಬಂದಾಗಲೆಲ್ಲ ಆ ಕಟ್ಟೆ ಮೇಲೆ ಒಂದ್ಸಲ ಕೈಯಾಡಿಸ್ತಾರೆ, ನೋಡಿದ್ದೀಯಾ? ಈಗ ಅವರ ಮುಖ ಹೇಗೆ ನೋಡಲಿ?"

ನಾನು ನೋಡಿಯೇ ಇರಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. ಷೇರು ಹೋದಾಗಲೂ ಅವಳು ಅತ್ತಿರಲಿಲ್ಲ.

ಆ ಕ್ಷಣವೇ ಕಸದ ಗುಂಡಿಗೆ ಓಡಿದೆ. ಅಲ್ಲಿನ ಕಾವಲಿನವನು ತಲೆ ಕೆರೆದುಕೊಂಡ. "ಮರದ ಕಟ್ಟೆ ತಾನೇ? ಯಾರೋ ಮುದುಕ ಒಯ್ದ. ಕೋಳಿಗೂಡಿಗೆ ಬೇಕು ಅಂದ."

ಕೋಳಿಗೂಡು! ಮೂರು ಸಂಜೆ ಊರಿನ ಕೋಳಿ ಸಾಕಿದವರ ಹಿತ್ತಲನ್ನೆಲ್ಲ ಇಣುಕಿದೆ. ಒಂದು ಹುಂಜ ನನ್ನ ಪ್ಯಾಂಟು ಹರಿಯಿತು. ಷೇರಿನಲ್ಲಿ ಕಳಕೊಂಡು ಬುದ್ಧಿ ಕೆಟ್ಟಿದೆ ಪಾಪ ಎಂದು ಹೆಂಗಸರು ಮೊಟ್ಟೆ ಕೊಟ್ಟು ಕಳಿಸಿದರು. ಕಟ್ಟೆ ಸಿಗಲಿಲ್ಲ. ಮೊಟ್ಟೆ ಮಾತ್ರ ಬುಟ್ಟಿ ತುಂಬ ಆಯಿತು.

ಸೋಮವಾರ ಮಾವನ ಕಾರು ಬಂದು ನಿಂತಿತು. ಎಲ್ಲ ಒಪ್ಪಿಕೊಂಡುಬಿಡೋಣ ಎಂದು ಗೇಟಿಗೆ ಹೋದೆ. ಕಾರಿನ ಹಿಂದೆ ಟ್ರೇಲರು, ಅದರ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಟೊಮ್ಯಾಟೊ ಸಸಿ.

"ಬೇಲಿ ಸವರಿದ ಸೊಪ್ಪು ಹಾಕೋಕೆ ಕಸದ ಗುಂಡಿಗೆ ಹೋಗಿದ್ದೆ," ಎಂದರು ಮಾವ. "ಅಲ್ಲಿ ಗುರುತಿನವರೊಬ್ಬರು ಸಿಕ್ಕಿದ್ರು."

"ಯಾರು ಮಾವ?"

ಅವರು ಸಸಿಗಳನ್ನು ಒಂದು ಕೈಗೆ ತೆಗೆದುಕೊಂಡು ಟಾರ್ಪಾಲು ಎತ್ತಿದರು. ಕಟ್ಟೆ!

"ಕೋಳಿಗೂಡಿಗೆ ಅಂದಿದ್ರಂತೆ?" ನನ್ನ ದನಿ ನನಗೇ ಕೇಳಲಿಲ್ಲ.

"ಇನ್ನೇನು ಹೇಳಲಿ? ನನ್ನ ಅಳಿಯ ಎಸೆದದ್ದು ಅಂತ ಹೇಳೋಕಾಗುತ್ತಾ?"

"ತಪ್ಪಾಯ್ತು ಮಾವ."

"ಬೇಜಾರಾಯ್ತು, ಸುಳ್ಳು ಹೇಳಲ್ಲ. ನಿಮ್ಮನೆ ಕಡೆ ತಲೆ ಹಾಕೋದೇ ಬೇಡ ಅಂತಿದ್ದೆ. ಆಮೇಲೆ ನೆನಪಾಯ್ತು. ಬೆವನ್‌ಗೆ ದಿನಾ ಸೊಂಟ ಹಿಡ್ಕೊಳ್ಳುತ್ತೆ ಅಂತ ನೊಯ್ಲೀನ್ ಎಷ್ಟು ವರ್ಷದಿಂದ ಹೇಳ್ತಿದ್ದಾಳೆ. ಮಗಳ ಅಳತೆ ತಗೊಂಡೆ, ನಿನ್ನದು ತಗೊಳ್ಳಲಿಲ್ಲ. ಅದು ನನ್ನ ತಪ್ಪು."

ಕಟ್ಟೆಯ ನಾಲ್ಕು ಕಾಲಿಗೂ ಬೇರೆ ಬಣ್ಣದ ಮರದ ತುಂಡು ಕೂಡಿಸಿ ಎತ್ತರ ಮಾಡಿದ್ದರು. ಪಕ್ಕದಲ್ಲಿ ನೊಯ್ಲೀನ್ ಹತ್ತಿ ನಿಲ್ಲಲು ಒಂದು ಮಣೆ. ನಮ್ಮ ಅಡುಗೆಮನೆಯನ್ನೇ ನುಂಗಿದ ಸಮಸ್ಯೆಗೆ ಬೇಕಿದ್ದದ್ದು ನಾಲ್ಕು ಮರದ ತುಂಡು. ಮುದುಕನನ್ನು ತಬ್ಬಿಕೊಂಡೆ. "ಸಸಿ, ಸಸಿ," ಎಂದು ಅವರು ಟೊಮ್ಯಾಟೊ ಉಳಿಸಿಕೊಂಡರು.

ಇಬ್ಬರೂ ಕಟ್ಟೆ ಹೊತ್ತು ಒಳಗಿಟ್ಟೆವು. ನೊಯ್ಲೀನ್ ಕಣ್ಣೊರೆಸಿಕೊಂಡು, ಅದರ ಮೇಲೆ ಕೈಯಾಡಿಸಿ, ಬುಟ್ಟಿಯಿಂದ ಒಂದು ಮೊಟ್ಟೆ ತೆಗೆದಿಟ್ಟಳು. ಅದು ಈ ಸಲ ಇನ್ನೊಂದು ದಿಕ್ಕಿಗೆ ಉರುಳಿತು. ಟ್ರೂಡಿ ಹಿಡಿದಳು.

"ನಿಂತು ನೋಡು," ಎಂದರು ಮಾವ. ನಿಂತೆ. ಮದುವೆಯಾದ ಮೇಲೆ ಮೊದಲ ಸಲ ಆ ಕಟ್ಟೆಯ ಮುಂದೆ ನೆಟ್ಟಗೆ ನಿಂತೆ.

"ಸೊಂಟ ನೋಯುತ್ತಾ?"

ಸೊಂಟ ಮುಟ್ಟಿಕೊಂಡೆ. ಮೊಣಕೈ ನೋಯುತ್ತದೆ ಅನ್ನಲೇ ಎಂದು ಯೋಚಿಸಿದೆ. ಆದರೆ ಮೂವರೂ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಮಾವ."

ನೊಯ್ಲೀನ್ ಮಣೆ ಹತ್ತಿ ನಿಂತಳು. ತನ್ನ ಏಪ್ರನ್ ಬಿಚ್ಚಿ, ನಿಧಾನವಾಗಿ ನನ್ನ ಕೊರಳಿಗೆ ಹಾಕಿ, ಹಿಂದೆ ಗಂಟು ಬಿಗಿದಳು.

"ಅಬ್ಬ, ಅಂತೂ ವಾಸಿಯಾಯ್ತು. ಟ್ರೂಡಿ, ಟಬ್ಬಿನಲ್ಲಿರೋ ಪಾತ್ರೆ ಎಲ್ಲ ತಂದು ಅಪ್ಪನ ಮುಂದೆ ಇಡು."