ಹೊಸ್ತಿಲಿದ್ದ ಬಸ್ಸು

ಮಹಾರಾಜರ ಕಾಲದಲ್ಲಿ ಬಸ್ಸು ಬಸ್ಸಾಗಿ ಬರುತ್ತಿರಲಿಲ್ಲ. ಮುಂದೆ ಎಂಜಿನ್ನು, ಕೆಳಗೆ ಚಕ್ರ, ಹಿಂದೆ ಬರೀ ಕಬ್ಬಿಣದ ಅಸ್ಥಿಪಂಜರ. ಮೈ ಕಟ್ಟಿಸುವುದು ಕೊಂಡವನ ಪಾಡು. ನನ್ನ ಭಾವಮೈದುನ ರಂಗಪ್ಪ ತನ್ನ ಎರಡು ಜೊತೆ ಎತ್ತು, ಗಾಡಿ ಎಲ್ಲ ಮಾರಿ ಅಂಥದೊಂದನ್ನು ಮಧುಗಿರಿಗೆ ತಂದ. ಶಿರಾ ಮಾರ್ಗದ ಪರವಾನಗಿಗೆ ಒಂದೇ ಷರತ್ತು: ಪರೀಕ್ಷೆಯ ದಿನ ಬಸ್ಸು ದಾರಿಯ ಹಳ್ಳಿಗಳಲ್ಲಿ ಜನರನ್ನು ಹತ್ತಿಸಿ ಇಳಿಸಿ, ಹನ್ನೆರಡರೊಳಗೆ ಶಿರಾ ಕಚೇರಿಯ ಮುಂದೆ ನಿಲ್ಲಬೇಕು. ಅಮಲ್ದಾರರು ಗಡಿಯಾರ ಹಿಡಿದು ಕಾದಿರುತ್ತಾರೆ. ತಪ್ಪಿದರೆ ರಂಗಪ್ಪನಿಗೆ ಮಾರ್ಗವೂ ಇಲ್ಲ, ಎತ್ತೂ ಇಲ್ಲ.

ಬಸ್ಸಿನ ಮೈಗೆ ನಕ್ಷೆ ಬರೆಯುವ ಹೊಣೆಯನ್ನು ನಾನೇ ವಹಿಸಿಕೊಂಡೆ. ಪತ್ರಿಕೆಗೆ ಸುದ್ದಿ ಬರೆಯುವವನು, ಬೆಂಗಳೂರಿನ ಬಸ್ಸುಗಳನ್ನು ಕಣ್ಣಾರೆ ಕಂಡವನು. ಮೂರು ಸಲ ಹತ್ತಿಯೂ ಇದ್ದೆ! ಅವುಗಳ ಬಾಗಿಲು ಹಾಲುಹಲ್ಲಿನಂತೆ ಅಲ್ಲಾಡುತ್ತಿದ್ದವು. ನಮ್ಮ ಬಸ್ಸಿಗೆ ಮನೆಯ ತಲೆಬಾಗಿಲಿನಂಥ ಬಾಗಿಲೇ ಇರತಕ್ಕದ್ದೆಂದು ತೀರ್ಮಾನಿಸಿದೆ.

ಬಡಗಿ ಈರಾಚಾರಿ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಸ್ವಾಮಿ, ಓಡೋ ಗಾಡಿಗೆ ವಸ್ಲು ಯಾಕೆ ಬುಡಿ."

"ಹೊಸ್ತಿಲಿಲ್ಲದ ಚೌಕಟ್ಟು ಚೌಕಟ್ಟೇ ಅಲ್ಲ, ಆಚಾರ್ರೇ. ಬರೆದಂತೆ ಮಾಡಿ."

"ಮಾಡ್ತೀನಿ. ಆಮ್ಯಾಕೆ ನನ್ನ ಬೈಬ್ಯಾಡಿ ಅಷ್ಟೆ."

ಮಾಡಿದ. ಹೊನ್ನೆ ಮರದ ಚೌಕಟ್ಟು, ಮೇಲೆ ಕೆತ್ತಿದ ಕಮಲ, ಕೆಳಗೆ ಹೊಸ್ತಿಲು. ಹೊಸ ಮರ, ವಾರ್ನಿಷು, ಪೆಟ್ರೋಲು ಬೆರೆತ ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಏಳಕ್ಕೆ ಸಿದ್ಧರಾದೆವು. ಎರಡೂವರೆ ಗಂಟೆಯ ಹಾದಿ, ಐದು ಗಂಟೆ ಕೈಯಲ್ಲಿ. ಆಗ ನನ್ನ ಹೆಂಡತಿ ಗೌರಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದು ಬಂದಳು.

"ಹೊಸ ವಸ್ಲು ಕಣ್ರೀ, ಬೋಳಾಗಿ ಬಿಡೋಕಾಯ್ತದಾ?"

ಬಳಿದಳು. ಅಕ್ಕಪಕ್ಕದ ಮನೆಯವರೂ ಬಂದು ಬಳಿದರು. ಒಣಗಲು ಅರ್ಧ ಗಂಟೆ! ಆಮೇಲೆ ಪ್ರಯಾಣಿಕರು ಒಬ್ಬೊಬ್ಬರಾಗಿ ಬಗ್ಗಿ, ಹೊಸ್ತಿಲು ಮುಟ್ಟಿ, ಕಣ್ಣಿಗೊತ್ತಿಕೊಂಡು, ಬಲಗಾಲಿಟ್ಟು ಹತ್ತಿದರು. ಎಡಗಾಲಿಟ್ಟವರು ಇಳಿದು ಮತ್ತೆ ಹತ್ತಿದರು.

ಬಡವನಹಳ್ಳಿಯಲ್ಲಿ ಒಬ್ಬ ಅಜ್ಜಿ ಕೋಳಿ ಬುಟ್ಟಿಯೊಂದಿಗೆ ಕಾದಿದ್ದಳು. ಕಂಡಕ್ಟರ್ ನಂಜ ಒಳಗಿನಿಂದಲೇ ಕೈ ಚಾಚಿದ.

"ಲೇ, ವಸ್ಲೊಳಗೆ ನಿಂತ್ಕಂಡು ಈಸ್ಕತಿಯಾ? ಇಳಿಯೋ ಕೆಳಕ್ಕೆ! ನಿಮ್ಮವ್ವ ಏನೂ ಹೇಳ್ಕೊಟ್ಟಿಲ್ವಾ?"

ನಂಜ ಇಳಿದ. ಅಲ್ಲಿಂದ ಮುಂದೆ ಪ್ರತಿ ಗಂಟಿಗೂ, ಪ್ರತಿ ಕೂಸಿಗೂ ಅವನು ಇಳಿದು, ಹೊತ್ತು, ಹತ್ತಿದ.

ಮುಂದಿನ ಹಳ್ಳಿಯಲ್ಲಿ ಒಬ್ಬ ರೈತ ಇಳಿಯಲೆಂದು ಹೊಸ್ತಿಲಾಚೆ ಕಾಲಿಟ್ಟ. ಹಿಂದೆ ಯಾರೋ ಸೀನಿದರು. ಆತ ವಾಪಸು ಬಂದು ಕೂತು ನೀರು ಕೇಳಿದ!

"ಅಣ್ಣೋ, ಇಳಿಯಣ್ಣಾ," ರಂಗಪ್ಪ ಕೈ ಮುಗಿದ.

"ವಸ್ಲು ದಾಟ್ವಾಗ ಸೀನವ್ರೆ ಕಣ್ಲಾ. ಮಗಳ ಮದ್ವೆ ಮಾತಿಗೆ ಬಂದಿವ್ನಿ. ನಿನ್ನ ಬಸ್ಸು ನಾಳೆಗೂ ಇರ್ತೈತೆ, ಈ ಸಂಬಂಧ ಇರ್ತೈತಾ?"

ಮಣ್ಣಿನ ರಸ್ತೆ. ನಿಂತಲ್ಲೆಲ್ಲ ಧೂಳು ಒಳಗೆ ನುಗ್ಗುತ್ತಿತ್ತು. ನಿಂತಲ್ಲೆಲ್ಲ ಒಂದು ಸೀನು! ರಂಗಪ್ಪ ನನ್ನನ್ನು ನೋಡಲಿಲ್ಲ. ಸೂರ್ಯನನ್ನು ನೋಡುತ್ತಿದ್ದ.

ಶಿರಾ ತಲುಪಿದಾಗ ಒಂದೂ ಮುಕ್ಕಾಲು. ಅಮಲ್ದಾರರು ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ ಬಂದಿದ್ದರು. ಬಸ್ಸನ್ನು ಒಂದು ಸುತ್ತು ಬಂದು, ಚೌಕಟ್ಟನ್ನು ಬೆರಳಿನಿಂದ ತಟ್ಟಿ, ಅರಿಸಿನ ಕುಂಕುಮವನ್ನು ಬಗ್ಗಿ ನೋಡಿದರು.

"ಮನೆ ಭದ್ರವಾಗಿದೆ. ಬಸ್ಸು ಎಲ್ಲಿ?"

ಕಚೇರಿಯೆಲ್ಲ ನಕ್ಕಿತು. ರಂಗಪ್ಪನ ಕಣ್ಣು ತುಂಬಿತ್ತು. ಅದನ್ನು ಕಂಡು ಅವರ ದನಿ ಮೆತ್ತಗಾಯಿತು.

"ಒಂದು ವಾರ ಕೊಡ್ತೀನಪ್ಪ. ಇದನ್ನ ಬಸ್ಸು ಮಾಡ್ಕೊಂಡು ಬಾ."

ಹಿಂದಿರುಗುವಾಗ ನಾನು ಧೈರ್ಯ ತಂದುಕೊಂಡು, ಹೊಸ ನಕ್ಷೆಗೆಂದು ಜೇಬಿನಿಂದ ಪೆನ್ಸಿಲ್ ತೆಗೆದೆ. ರಂಗಪ್ಪ ಅದನ್ನು ಮೆಲ್ಲನೆ ಕಿತ್ತುಕೊಂಡ.

"ಭಾವ, ಪಾವಗಡದ ಕಡೆ ಸುದ್ದಿ ಏನೂ ಇಲ್ವಾ?"

"ಯಾಕೆ?"

"ಒಂದ್ವಾರ ಹೋಗ್ಬನ್ನಿ. ಇಲ್ದಿದ್ರೂ ಹುಡುಕ್ಬನ್ನಿ."

ಮನೆಗೆ ಬಂದರೆ ಗೌರಮ್ಮ ಆಗಲೇ ರೊಟ್ಟಿ ಕಟ್ಟುತ್ತಿದ್ದಳು. ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು! ಮಾರನೆಯ ಬೆಳಿಗ್ಗೆ ಎತ್ತಿನ ಗಾಡಿ ಹತ್ತಿದೆ.

ಎಂಟನೆಯ ದಿನ ಮರಳಿದಾಗ ಪರವಾನಗಿ ರಂಗಪ್ಪನ ಕೈಯಲ್ಲಿತ್ತು. ಈರಾಚಾರಿ ಚೌಕಟ್ಟು ಕಿತ್ತು ಬರೀ ಮೆಟ್ಟಿಲಿಟ್ಟಿದ್ದ, ಬಸ್ಸು ಹತ್ತೂವರೆಗೇ ಶಿರಾ ಮುಟ್ಟಿತ್ತು. ನಿಖರತೆಯ ದೃಷ್ಟಿಯಿಂದ ದಾಖಲಿಸುತ್ತೇನೆ: ಆ ಬಸ್ಸಿನ ನಿರ್ಮಾಣಕ್ಕೆ ನಾನು ಸಲ್ಲಿಸಿದ ಏಕೈಕ ಸೇವೆ, ಆ ಒಂದು ವಾರ ಊರಿನಲ್ಲಿ ಇಲ್ಲದಿದ್ದದ್ದು!