ಟಿಟ್ವಾಳಾದ ಮನೆಗೆ ಎರಡು ಆಮೆನ್

ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿಕೊಂಡನಂತೆ. ನನಗೆ ಆ ಏಳನೆಯ ದಿನವೂ ಇಲ್ಲ. ಕಾರಣ ನಮ್ಮ ಎಂಟು ವರ್ಷದ ಮಗಳು ಕರುಣಾ. ಹೆಸರಿಟ್ಟವನು ನಾನೇ, ಆದರೆ ಪ್ರಶ್ನೆ ಕೇಳುವಾಗ ಆ ಗುಣ ಅವಳಲ್ಲಿ ಎಳ್ಳಷ್ಟೂ ಕಾಣುವುದಿಲ್ಲ. ವಾರವಿಡೀ ಐರೋಲಿಯ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟುಗಳ ನಡುವೆ ಕಳೆದು, ಭಾನುವಾರ ಠಾಣೆಯ ಚರ್ಚಿನಲ್ಲಿ ಮರಾಠಿಯವರ ಆರಾಧನೆ ಮುಗಿಯುವುದನ್ನು ಕಾದು, ಅವರು ಬಿಟ್ಟೆದ್ದ ಬಿಸಿ ಬೆಂಚುಗಳ ಮೇಲೆ ನಮ್ಮ ಕನ್ನಡ ಆರಾಧನೆ ಮುಗಿಸಿ, ಕೋಪರಿಯ ಬಾಡಿಗೆ ಕೋಣೆಗೆ ಬಂದು ಮೀನುಸಾರು ಉಂಡು ಕಾಲು ಚಾಚಿದೆನೋ ಇಲ್ಲವೋ, ಸಂಡೇ ಸ್ಕೂಲಿನಿಂದ ತಲೆ ತುಂಬ ಸರಕು ಹೊತ್ತು ತಂದವಳು ನನ್ನ ಹೊಟ್ಟೆಯ ಮೇಲೆ ಮೊಣಕೈ ಊರುತ್ತಾಳೆ.

"ಪಪ್ಪಾ, ನೋಹ ನಾವೆಯಲ್ಲಿ ಸೊಳ್ಳೆಯ ಜೋಡಿಯನ್ನೂ ಹತ್ತಿಸಿದ್ನಾ?"

"ಹತ್ತಿಸಿರಬೇಕು. ಪ್ರಳಯದಿಂದ ಉಳಿಸ್ಲಿಕ್ಕೆ ಎಲ್ಲ ಪ್ರಾಣಿಗಳದ್ದೂ ಜೋಡಿ ಇತ್ತಲ್ಲ."

"ಎರಡೇ ಎರಡು ಇದ್ದದ್ದು. ಅಲ್ಲೇ ಹೊಡೆದು ಹಾಕ್ಬಹುದಿತ್ತು. ಹಾಗೆ ಮಾಡಿದ್ರೆ ನಮ್ಮ ಕೋಪರಿಯಲ್ಲಿ ಮಲೇರಿಯಾ ಬರ್ತಿತ್ತಾ?"

ಸಮುದ್ರದ ಹಿನ್ನೀರಿನ ಖಾಡಿಯ ಪಕ್ಕದಲ್ಲಿ ಸಂಸಾರ ಹೂಡಿ, ಹಿಂದಿನ ಮಳೆಗಾಲದಲ್ಲಿ ಎರಡು ಕಂಬಳಿ ಹೊದ್ದು ಗಡಗಡ ನಡುಗಿದ್ದ ನನಗೆ ನೋಹನ ಮೇಲೆ ಮೊದಲ ಬಾರಿ ಸಿಟ್ಟು ಬಂತು. ಅಷ್ಟು ದೊಡ್ಡ ಹಡಗು ಕಟ್ಟಿದ ಮನುಷ್ಯನಿಗೆ ಇಷ್ಟು ಸಣ್ಣ ಕೆಲಸ ಹೊಳೆಯಲಿಲ್ಲವಲ್ಲ.

ಇನ್ನೊಂದು ಭಾನುವಾರ ಯೇಸುವಿನ ಶಿಷ್ಯ ಪೇತ್ರನ ಅತ್ತೆಯ ಸರದಿ. ಆಕೆ ಜ್ವರದಿಂದ ಮಲಗಿದ್ದಳು, ಯೇಸುಸ್ವಾಮಿ ಕೈ ಹಿಡಿದು ಎಬ್ಬಿಸಿದರು, ಜ್ವರ ಬಿಟ್ಟಿತು, ಆಕೆ ಎದ್ದು ಬಂದವರಿಗೆಲ್ಲ ಉಪಚಾರ ಮಾಡಿದಳು ಎಂದು ನಾನು ಸೊಗಸಾಗಿ ವರ್ಣಿಸಿದೆ.

"ಜ್ವರ ಬಿಟ್ಟ ಕೂಡ್ಲೇ ಅಡಿಗೆ ಮಾಡಿದ್ಲಾ? ಅವ್ಳಿಗೆ ಒಂದು ದಿವಸ ರೆಸ್ಟ್ ಯಾಕೆ ಕೊಡ್ಲಿಲ್ಲ? ಪೇತ್ರನಿಗೆ ಚಾ ಮಾಡ್ಲಿಕ್ಕೂ ಬರ್ತಿರ್ಲಿಲ್ವಾ?"

ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ತಟ್ಟನೆ ನಿಂತಿತು. ನನ್ನ ಧರ್ಮಪತ್ನಿ ಸುಗಂಧಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಹೇಳಿ ಮಾರಾಯ್ರೆ. ಇದಕ್ಕೆ ಉತ್ತರ ನನಗೂ ಬೇಕು."

(ಮೂಲ್ಕಿಯಲ್ಲಿ ಹುಟ್ಟಿ ಬೆಳೆದ ಈಕೆ ಮದುವೆಗೆ ಮೊದಲು ಊರಿನ ಸಂಡೇ ಸ್ಕೂಲಿನಲ್ಲಿ ಬಹುಮಾನಗಳನ್ನು ಬಾಚಿದವಳು. ಉತ್ತರ ಅವಳಿಗೆ ಗೊತ್ತಿರುತ್ತದೆ. ಆದರೂ ನನ್ನ ಬಾಯಿಂದ ಕೇಳುವ ಆಸೆ.)

ಇಂಥ ಆಪತ್ಕಾಲಕ್ಕೆಂದು ನಾನು ಎರಡು ಅಸ್ತ್ರಗಳನ್ನು ಇಟ್ಟುಕೊಂಡಿದ್ದೆ. ಮೊದಲನೆಯದು, "ದೊಡ್ಡವಳಾದ ಮೇಲೆ ನಿನಗೇ ತಿಳಿಯುತ್ತದೆ." ಅದು ತಾಗದಿದ್ದರೆ ಎರಡನೆಯದು, "ಅಯ್ಯನವರನ್ನು ಕೇಳು." ಅಯ್ಯನವರು ಎಂದರೆ ನಮ್ಮ ಸಭಾಪಾಲಕರಾದ ಸತ್ಯಮಿತ್ರ ಅಯ್ಯನವರು. ಬಹಳ ಸಾತ್ವಿಕರು. ಆದರೆ ಕರುಣಾ ಅವರನ್ನು ಕೇಳಿದಾಗಲೆಲ್ಲ ತಲೆ ಸವರಿ, "ನಿನ್ನ ಪಪ್ಪ ಓದಿಕೊಂಡವರು, ಅವರನ್ನೇ ಕೇಳಮ್ಮ" ಎಂದುಬಿಡುತ್ತಿದ್ದರು. ವಿಳಾಸ ಸಿಗದ ಪಾರ್ಸೆಲ್ಲಿನಂತೆ ಪ್ರಶ್ನೆ ತಿರುಗಿ ನನ್ನ ಬಾಗಿಲಿಗೇ ಬರುತ್ತಿತ್ತು.

ಈ ದಿನಗಳಲ್ಲೇ ನನಗೊಂದು ಭವ್ಯ ಯೋಚನೆ ಹೊಳೆದದ್ದು. ಸ್ವಂತ ಮನೆ. ಕಲ್ಯಾಣದ ಆಚೆ ಟಿಟ್ವಾಳಾದಲ್ಲಿ ಒಬ್ಬ ಬಿಲ್ಡರ್ ಸಾಲಾಗಿ ಕಟ್ಟಡ ಎಬ್ಬಿಸುತ್ತಿದ್ದ. ಸ್ಟೇಷನ್ನಿನಿಂದ ಐದೇ ನಿಮಿಷ ಎಂದು ಬೋರ್ಡಿನಲ್ಲಿ ಬರೆಸಿದ್ದ (ಯಾರ ಕಾಲಿಗೆ ಎಂದು ಬರೆಸಿರಲಿಲ್ಲ). ಒಂದು ಕೋಣೆ, ಒಂದು ಅಡಿಗೆಮನೆ, ದಿನವಿಡೀ ನೀರು, ಪಾತ್ರೆ ಒಣಗಿಸುವಷ್ಟು ಬಾಲ್ಕನಿ. ಕಂಪನಿಯಲ್ಲಿ ಹೌಸಿಂಗ್ ಲೋನಿಗೆ ಅರ್ಜಿ ಹಾಕಿದೆ. ದೊಡ್ಡ ಸಾಹೇಬರು ಹೂಂ ಅಂದರೆ ಸಾಕು, ಈ ಜಯವಂತ ಗೃಹಸ್ಥನೆಂಬ ಹೆಸರಿಗೆ ನಿಜವಾಗಿ ಯೋಗ್ಯನಾಗುತ್ತಿದ್ದ.

"ಅಲ್ಲಿಂದ ಠಾಣೆಗೆ ಲೋಕಲ್, ಮತ್ತೆ ಐರೋಲಿಗೆ ಬಸ್ಸು. ನೀವು ಮನೆಗೆ ಬರುದು ಯಾವಾಗ?" ಎಂದು ಕೇಳಿದಳು ಸುಗಂಧಿ.

"ಎಲ್ಲರೂ ಹೋಗಿ ಬರ್ತಾರಲ್ಲ. ನನಗೊಬ್ಬನಿಗೆ ಎಂತ ಆಗ್ತದೆ?" ಎಂದೆ.

ಅವಳು ಮತ್ತೆ ಮಾತಾಡಲಿಲ್ಲ. ಹೆಂಡತಿ ಮಾತಾಡದಿದ್ದರೆ ಒಪ್ಪಿದಳು ಎಂದು ತಿಳಿಯುವ ಗಂಡಸರ ಸಂಘದಲ್ಲಿ ನಾನೂ ಒಬ್ಬ ಆಜೀವ ಸದಸ್ಯ.

ಒಂದು ಬೆಳಿಗ್ಗೆ ನಳ್ಳಿಯಲ್ಲಿ ನೀರು ಬಂದಿತ್ತು. ಒಂದು ಕೈಯಲ್ಲಿ ಬಕೆಟ್ಟು, ಮುಖಕ್ಕೆ ಸೋಪಿನ ನೊರೆ, ಹೊರಗೆ ಹೋಗಲಿರುವ ಬಸ್ಸು. ಆಗ ಕರುಣಾ ಜಡೆ ಹಿಡಿದುಕೊಂಡು ಬಂದಳು.

"ಪಪ್ಪಾ, ಒಂದೇ ಮನೆಯಲ್ಲಿ ಇಬ್ರು ಉಲ್ಟಾ ಉಲ್ಟಾ ಪ್ರಾರ್ಥನೆ ಮಾಡಿದ್ರೆ ದೇವರು ಯಾರದ್ದು ಕೇಳ್ತಾರೆ?"

ಕೆಳಗಿನ ಮನೆಯ ಗೆಳತಿ ಜ್ಯೋತಿಯ ಜತೆ ಏನೋ ಆಟದ ಜಗಳ ಇರಬೇಕೆಂದು ನಾನು ಎಣಿಸಿದೆ. "ಒಬ್ರು ದೊಡ್ಡವ್ರು, ಒಬ್ರು ಚಿಕ್ಕವ್ರಾ?" ಎಂದೆ.

"ಹೌದು."

"ಹಾಗಾದ್ರೆ ಚಿಕ್ಕವ್ರದ್ದೇ ಮೊದಲು. ಮಕ್ಕಳನ್ನು ತಡಿಬೇಡಿ, ನನ್ನ ಹತ್ರ ಬಿಡಿ ಅಂತ ಯೇಸುಸ್ವಾಮಿ ಶಿಷ್ಯರನ್ನು ಗದರಿಸ್ಲಿಲ್ವಾ? ದೊಡ್ಡವ್ರು ಲೈನಿನಲ್ಲಿ ಹಿಂದೆ ನಿಲ್ಬೇಕು."

"ಪ್ರಾಮಿಸ್?"

"ಪ್ರಾಮಿಸ್," ಎಂದೆ. ಇಷ್ಟು ಚುರುಕಾದ ಉತ್ತರ ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಬಸ್ಸಿನಲ್ಲಿ ಕಂಬ ಹಿಡಿದು ನೇತಾಡುವಾಗಲೂ ಅದನ್ನೇ ನೆನೆದು ಹಿಗ್ಗಿದೆ.

ಲೋನಿನ ಸುದ್ದಿ ಬರುವುದು ತಡವಾಯಿತು. ನಾನೊಬ್ಬನೇ ಪ್ರಾರ್ಥಿಸಿದರೆ ಸಾಲದು, ಇಡೀ ಸಭೆಯ ಬಲ ಬೇಕು ಎಂದು ಶನಿವಾರ ಸಂಜೆ ಮನೆಯಲ್ಲೇ ಪ್ರಾರ್ಥನಾ ಕೂಟ ಇಟ್ಟುಕೊಂಡೆ. ಸುಗಂಧಿ ರವೆಯ ಶೀರಾ ಮಾಡಿದಳು. ಜ್ಯೋತಿಯ ಮನೆಯಿಂದ ಚಾಪೆ ಬಂತು. ನಮ್ಮ ಕೂಟಗಳ ಪದ್ಧತಿ ಗೊತ್ತಲ್ಲ? ಮೊದಲು ಕೀರ್ತನೆ, ಆಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ಬೇಡಿಕೆ ಹೇಳುವುದು. ಪ್ರತಿ ಬೇಡಿಕೆಗೂ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಆಮೆನ್ ಅನ್ನುವುದು. ಕೊನೆಗೆ ಅಯ್ಯನವರು ಎಲ್ಲವನ್ನೂ ಒಟ್ಟುಗೂಡಿಸಿ ದೇವರಿಗೆ ಒಪ್ಪಿಸುವುದು. ಒಮ್ಮೆ ಆಮೆನ್ ಆದ ಬೇಡಿಕೆಯನ್ನು ಬಿಡುವಂತಿಲ್ಲ.

ಕರುಣಾಳಿಗೂ ನಾನೇ ತಾಲೀಮು ಕೊಟ್ಟಿದ್ದೆ. ಎದ್ದು ನಿಂತು, ಕೈಮುಗಿದು, ಪರೀಕ್ಷೆಗಾಗಿ ಪ್ರಾರ್ಥಿಸಿ ಎನ್ನಬೇಕು. ಅಯ್ಯನವರು ಮೆಚ್ಚಬೇಕು.

ನಾನು ಗಂಟಲು ಸರಿಮಾಡಿಕೊಂಡು ಗ್ರಾಂಥಿಕ ಕನ್ನಡದಲ್ಲಿ ಶುರುಮಾಡಿದೆ. "ಕರ್ತನ ಚಿತ್ತವಾದಲ್ಲಿ ಟಿಟ್ವಾಳಾ ಎಂಬ ಊರಿನಲ್ಲಿ ನಮ್ಮ ಕುಟುಂಬಕ್ಕೊಂದು ವಾಸಸ್ಥಾನವು ದೊರಕುವ ಹಾಗೂ ಅದಕ್ಕೆ ಬೇಕಾದ ಸಾಲವು ಶೀಘ್ರವಾಗಿ ಮಂಜೂರಾಗುವ ಹಾಗೂ ಪ್ರಾರ್ಥಿಸಬೇಕಾಗಿ ವಿನಂತಿ."

"ಆಮೆನ್," ಎಂದಿತು ಕೋಣೆ.

ರಾಯಚೂರಿನ ಮರಗಮ್ಮ ಎಲ್ಲ ಕೂಟಕ್ಕೂ ಮೊದಲು ಬಂದು ಗೋಡೆಗೊರಗಿ ಕೂರುವವರು. "ಮೊಣಕಾಲು ಭಾಳ ನೋಯ್ತಾವ್ರೀ ಅಯ್ಯನೋರ. ಎರಡಕ್ಕೂ ಸೇರಿಸಿ ಕೇಳ್ರಿ," ಎಂದರು. ಅದಕ್ಕೂ ಆಮೆನ್ ಬಿತ್ತು.

"ಮಕ್ಕಳದ್ದೇನಾದರೂ ಇದೆಯೇ?" ಎಂದರು ಅಯ್ಯನವರು. ನಾನು ಕಣ್ಸನ್ನೆ ಮಾಡಿದೆ. ಕರುಣಾ ಎದ್ದಳು, ಕೈಮುಗಿದಳು, ಕಣ್ಣು ಮುಚ್ಚಿದಳು. ಹೇಳಿಕೊಟ್ಟದ್ದೆಲ್ಲ ಅಚ್ಚುಕಟ್ಟಾಗಿ ನಡೆಯಿತು, ಅಲ್ಲಿಯವರೆಗೆ.

"ನನ್ನ ಪಪ್ಪನಿಗೆ ಲೋನ್ ಸಿಗ್ಬಾರ್ದು. ನಾವು ಟಿಟ್ವಾಳಾಕ್ಕೆ ಹೋಗ್ಬಾರ್ದು."

"ಆಮೆನ್," ಎಂದರು ಮರಗಮ್ಮ, ರೂಢಿಯಂತೆ. ಅವರ ಹಿಂದೆಯೇ ಅಡಿಗೆಮನೆಯ ಬಾಗಿಲಿನಿಂದ ಇನ್ನೊಂದು ಆಮೆನ್ ಬಂತು. ಆ ದನಿಯನ್ನು ನಾನು ಮದುವೆಯ ದಿನದಿಂದ ಬಲ್ಲೆ.

ಮರಗಮ್ಮ ಒಂದು ಕಣ್ಣು ತೆರೆದರು. "ಏನಂದ್ಳು ಹುಡುಗಿ?" ಪಕ್ಕದವರು ಕಿವಿಯಲ್ಲಿ ಹೇಳಿದರು. "ಅಯ್ಯ, ಈಗ ಆಮೆನ್ ವಾಪಸ್ ತಗೊಳಾಕ ಬರಂಗಿಲ್ಲಲ್ರಿ," ಎಂದು ಮತ್ತೆ ಕಣ್ಣು ಮುಚ್ಚಿದರು.

ಅಯ್ಯನವರ ಹಣೆಯಲ್ಲಿ ಬೆವರು ಹನಿಯಿತು. ಪದ್ಧತಿ ಪ್ರಕಾರ ಎರಡನ್ನೂ ಒಪ್ಪಿಸಬೇಕು. ಆ ದಿನ ಅವರು ಬಹಳ ದೀರ್ಘವಾಗಿ ಪ್ರಾರ್ಥಿಸಿದರು. ಮರಗಮ್ಮನ ಮೊಣಕಾಲುಗಳ ಬಗ್ಗೆ ವಿವರವಾಗಿ ಹೇಳಿ, ನಮ್ಮ ಮನೆಯ ವಿಷಯಕ್ಕೆ ಬಂದಾಗ ಮಾತ್ರ, "ಕರ್ತನೇ, ನಿನಗೆ ಎಲ್ಲವೂ ತಿಳಿದಿದೆ" ಎಂದು ನಿಲ್ಲಿಸಿದರು. ಪಾರ್ಸೆಲ್ಲನ್ನು ಈ ಸಲ ನೇರವಾಗಿ ಮೇಲಕ್ಕೇ ಕಳಿಸಿದ್ದರು.

ಜನ ಶೀರಾ ತಿಂದು ಹೊರಟ ಮೇಲೆ ನಾನು ಸುಗಂಧಿಯ ಮೇಲೆ ಹಾರಿದೆ.

"ಸಭೆ ಎದುರು ಮಾನ ಹೋಯ್ತು. ಅವಳು ಮಗು. ನಿನ್ನ ಆಮೆನ್ ಎಂತದು?"

"ಬಾಯಿಂದ ಬಂತು, ಹೇಳಿದೆ. ಪ್ರಾರ್ಥನೆಯಲ್ಲಿ ಸುಳ್ಳು ಹೇಳ್ಲಿಕ್ಕೆ ಉಂಟಾ?"

"ಅವಳ ತಲೆಗೆ ಇದನ್ನು ತುಂಬಿಸಿದ್ದು ಯಾರು?"

"ಅವಳನ್ನೇ ಕೇಳಿ," ಎಂದಳು ಸುಗಂಧಿ. "ದಿನಾ ಅವಳು ನಿಮ್ಮನ್ನು ಕೇಳ್ತಾಳೆ. ನೀವು ಒಂದು ದಿವಸವಾದ್ರೂ ಅವಳನ್ನು ಏನಾದ್ರೂ ಕೇಳಿದ್ದುಂಟಾ?"

ಇರಲಿಲ್ಲ. ನಾನು ಕರುಣಾಳ ಹತ್ತಿರ ಹೋದೆ. ಅವಳು ಉಳಿದ ಶೀರಾದ ದ್ರಾಕ್ಷಿ ಹೆಕ್ಕುತ್ತಿದ್ದಳು. ಹೊಸ ಮನೆ ಯಾಕೆ ಬೇಡ ಎಂದು ಕೇಳಿದೆ.

"ಜ್ಯೋತಿಯ ಕಸಿನ್ ವಿಶಾಲ್ ಇಲ್ವಾ, ಟಿಟ್ವಾಳಾಕ್ಕೆ ಹೋದ್ನಲ್ಲ. ಅವ್ನ ಪಪ್ಪ ಅವ್ನು ಏಳುವ ಮೊದ್ಲೇ ಲೋಕಲ್ ಹಿಡಿತಾರಂತೆ. ಅವ್ನು ಮಲಗಿದ ಮೇಲೆ ಬರ್ತಾರಂತೆ. ಸಂಡೇ ಪೂರಾ ನಿದ್ದೆ ಮಾಡ್ತಾರಂತೆ. ಮತ್ತೆ ನಾನು ಯಾರ ಹತ್ರ ಕೇಳುದು?"

"ಮಮ್ಮಿ ಇದ್ದಾಳಲ್ಲ. ಅವಳಿಗೆ ನನಗಿಂತ ಜಾಸ್ತಿ ಗೊತ್ತುಂಟು."

"ಅದೇ ಅಲ್ವಾ ಪಪ್ಪಾ. ಮಮ್ಮಿ ಸರಿ ಉತ್ತರ ಹೇಳ್ತಾಳೆ, ಅಲ್ಲಿಗೇ ಮುಗೀತದೆ. ನಿಮಗೆ ಏನೂ ಗೊತ್ತಿರುದಿಲ್ಲ. ಆದ್ರೂ ಹೇಳ್ತೀರಿ. ಅದೇ ಮಜಾ."

ಇದು ಹೊಗಳಿಕೆಯೋ ತೆಗಳಿಕೆಯೋ ಎಂದು ಲೆಕ್ಕ ಹಾಕುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಅಜ್ಞಾನವನ್ನು ಇಷ್ಟು ಪ್ರೀತಿಸುವ ಜೀವ ಈ ಲೋಕದಲ್ಲಿ ಇನ್ನೊಂದಿಲ್ಲ ಎಂದು ಮಾತ್ರ ತಿಳಿಯಿತು.

ಮರುವಾರ ದೊಡ್ಡ ಸಾಹೇಬರು ಕರೆದು ಕೈಕುಲುಕಿದರು. ಲೋನ್ ಮಂಜೂರು. ನಾನು ಸಂತೋಷದಿಂದ ಕುಣಿಯಬೇಕಿತ್ತು. ಕುಣಿಯಲು ಕಾಲು ಬರಲಿಲ್ಲ. "ಸಾಬ್, ಅಭೀ ನಹೀಂ ಚಾಹಿಯೇ" ಎಂದು ಬಂದ ಸಾಲವನ್ನು ಬೇಡವೆಂದುಬಿಟ್ಟೆ. ಅವರು ಕಾರಣ ಕೇಳಿದರು. ನೋಹನ ಸೊಳ್ಳೆಯ ವಿಷಯವನ್ನು ಸಾಹೇಬರಿಗೆ ಎಲ್ಲಿಂದ ಶುರುಮಾಡಿ ಹೇಳಲಿ? ಮನೆಯಲ್ಲಿ ತೊಂದರೆ ಎಂದೆ. ನಿನ್ನಂಥ ಮೂರ್ಖನನ್ನು ನೋಡಿಲ್ಲ ಎಂಬಂತೆ ನೋಡಿ ಕಳಿಸಿಕೊಟ್ಟರು.

ಮನೆಗೆ ಬಂದು ತ್ಯಾಗವೀರನ ಗತ್ತಿನಲ್ಲಿ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದೆ. ಸುಗಂಧಿ ಸ್ಟವ್ ಸಣ್ಣ ಮಾಡಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಏಲಕ್ಕಿ ಹಾಕಿದ ಚಾ ತಂದಿಟ್ಟಳು. (ನಮ್ಮ ಮನೆಯಲ್ಲಿ ಏಲಕ್ಕಿ ಕ್ರಿಸ್ಮಸ್ಸಿಗೆ ಮಾತ್ರ ಡಬ್ಬಿಯಿಂದ ಹೊರಗೆ ಬರುತ್ತದೆ.) ಕರುಣಾ ಹಾರಿ ಕುತ್ತಿಗೆಗೆ ಜೋತುಬೀಳುತ್ತಾಳೆಂದು ನಾನು ಕಾದೆ. ಅವಳ ಹುಬ್ಬು ಗಂಟಿಕ್ಕಿತು.

"ಅಂದ್ರೆ ದೇವರು ನಿಮಗೆ ಲೋನ್ ಕೊಟ್ರಾ? ಚಿಕ್ಕವ್ರದ್ದು ಮೊದಲು ಅಂತ ಪ್ರಾಮಿಸ್ ಮಾಡಿದ್ರಿ."

"ಇಬ್ಬರದ್ದೂ ಕೇಳಿದ್ರು ಮಗಾ. ನನಗೆ ಲೋನ್ ಕೊಟ್ರು, ನಿನಗೆ ಕೋಪರಿ ಕೊಟ್ರು."

"ಮತ್ತೆ ದೇವರು ಕೊಟ್ಟದ್ದನ್ನು ನೀವು ಬೇಡ ಅಂದದ್ದಾ? ಅವ್ರಿಗೆ ಬೇಜಾರಾಗುದಿಲ್ವಾ?"

ಹಳೆಯ ಚಾಳಿ, ಬಾಯಿ ತಾನಾಗಿ ತೆರೆಯಿತು. "ಅಯ್ಯನವರನ್ನು ಕೇಳು," ಎಂದೆ.

ಅವಳು ಕೇಳಿದಳು. ಕೇಳಿದ್ದು ಮಾತ್ರವಲ್ಲ, ನಡೆದದ್ದನ್ನೆಲ್ಲ ಮೊದಲಿನಿಂದ ಕೊನೆಯ ತನಕ ಅವರಿಗೆ ಒಪ್ಪಿಸಿದಳು. ಮುಂದಿನ ಭಾನುವಾರ ಪ್ರಸಂಗ ಮುಗಿಸಿದ ಅಯ್ಯನವರು ವೇದಿಕೆಯಿಂದ ಇಳಿಯಲಿಲ್ಲ.

"ಪ್ರಿಯರೇ, ನಮ್ಮ ಸಹೋದರ ಜಯವಂತರು ಮಗುವಿನ ಪ್ರಶ್ನೆಗಳಿಗೆ ಉತ್ತರಿಸುವುದಕ್ಕೋಸ್ಕರ ಸ್ವಂತ ಮನೆಯನ್ನೇ ಬಿಟ್ಟುಕೊಟ್ಟಿದ್ದಾರೆ. ದೇವರು ಇಂಥವರಿಗೆ ಕೊಟ್ಟ ತಲಾಂತನ್ನು ಒಂದು ಮಗುವಿಗೆ ಮಾತ್ರ ಮೀಸಲಿಡುವುದು ಸರಿಯಲ್ಲ. ಇಂದಿನಿಂದ ನಮ್ಮ ಸಂಡೇ ಸ್ಕೂಲು ಅವರದು."

ನಾನು ಎದ್ದು ಏನಾದರೂ ಹೇಳುವಷ್ಟರಲ್ಲಿ ಸಭೆ ಆಮೆನ್ ಅಂದಾಗಿತ್ತು. ಎಲ್ಲರಿಗಿಂತ ಗಟ್ಟಿಯಾದ ಎರಡು ಆಮೆನ್‌ಗಳು ಹೆಂಗಸರ ಬೆಂಚಿನಿಂದ ಬಂದವು. ಒಂದು ಮರಗಮ್ಮನದು. ಇನ್ನೊಂದನ್ನು ನಾನು ಮದುವೆಯ ದಿನದಿಂದ ಬಲ್ಲೆ.

ಚರ್ಚಿನ ಹಿಂದಿನ ಕೋಣೆಗೆ ನನ್ನನ್ನು ಅಯ್ಯನವರೇ ಕೈಹಿಡಿದು ಬಿಟ್ಟುಬಂದರು. ಒಳಗೆ ಚಾಪೆಯ ತುಂಬ ಮಕ್ಕಳು. ಮುಂದಿನ ಸಾಲಿನಲ್ಲಿ ಕರುಣಾ. ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದಳೆಂದು ಕಾಣುತ್ತದೆ, ಒಮ್ಮೆಲೇ ಅಷ್ಟೂ ಕೈಗಳು ಮೇಲೆದ್ದವು. ನಾನು ಅವಳನ್ನೇ ಆರಿಸಿದೆ. ಎಷ್ಟಾದರೂ ನನ್ನ ರಕ್ತ, ಸುಲಭದ್ದು ಕೇಳಬಹುದು.

"ಪಪ್ಪಾ, ದೇವರು ಕೊಟ್ಟದ್ದನ್ನು ಬೇಡ ಅಂದ್ರೆ ಅವ್ರಿಗೆ ಬೇಜಾರಾಗುದಿಲ್ವಾ?"

"ಅದು ಮಕ್ಕಳೇ," ಎಂದು ನಾನು ಮೊದಲನೆಯ ಅಸ್ತ್ರ ತೆಗೆದೆ, "ದೊಡ್ಡವರಾದ ಮೇಲೆ ತಿಳಿಯುತ್ತದೆ."

"ನೀವು ದೊಡ್ಡವ್ರಾಗಿದ್ದೀರಲ್ಲ," ಎಂದಳು ಕರುಣಾ. "ನಿಮಗೆ ತಿಳೀತಾ?"

ಉಳಿದದ್ದು ಎರಡನೆಯದೊಂದೇ. ನಾನು ಆಸೆಯಿಂದ ಬಾಗಿಲಿನ ಕಡೆ ತಿರುಗಿದೆ. ಅಲ್ಲಿ ನಿಂತು ಕೇಳುತ್ತಿದ್ದ ಅಯ್ಯನವರು ಮುಗುಳ್ನಕ್ಕು, ಬಾಗಿಲನ್ನು ಮೆಲ್ಲನೆ ಹೊರಗಿನಿಂದ ಎಳೆದುಕೊಂಡರು.