ಬಕೆಟ್ಟಿನಲ್ಲಿ ಉಳಿದ ಬಣ್ಣ

ಪಾಠ ಹೇಳುವವರಿಗೆ ಒಂದು ಅನುಕೂಲವಿದೆ. ತಾವು ಹೇಳುವುದೆಲ್ಲ ಬೇರೆಯವರಿಗೆ ಎಂದು ಅವರು ಮೊದಲ ದಿನವೇ ತೀರ್ಮಾನಿಸಿಕೊಂಡಿರುತ್ತಾರೆ. ಸಮಯಪಾಲನೆಯ ಮೇಲೆ ಭಾಷಣ ಮಾಡಲಿದ್ದ ದೊಡ್ಡವರೊಬ್ಬರಿಗಾಗಿ ಇಡೀ ಸಭೆ ಮುಕ್ಕಾಲು ಗಂಟೆ ಕಾದದ್ದನ್ನು ನಾನೇ ನೋಡಿದ್ದೇನೆ, ನೋಡಿ ನಕ್ಕಿದ್ದೇನೆ. ನಾನು ಆಳಂದದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಪರಿಸರ ಎಂಜಿನಿಯರಿಂಗಿನ ಮೊದಲ ಪಾಠಗಳನ್ನು ಹೇಳುವವನು. ಹಳ್ಳದಲ್ಲಿ ನೀರು ಎಷ್ಟು ಹರಿಯುತ್ತದೆ, ಮನೆಯ ಹೊಲಸು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು, ಇಷ್ಟೇ ನನ್ನ ಸರಕು. ನನ್ನ ಮನೆಯ ಹೊಲಸು ಎಲ್ಲಿಗೆ ಹೋಗುತ್ತದೆ ಎಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಕಳೆದ ಶ್ರಾವಣದಲ್ಲಿ ಹುಡುಗರನ್ನು ಖಜೂರಿ ರಸ್ತೆಯ ಹಳ್ಳಕ್ಕೆ ಕರೆದುಕೊಂಡು ಹೋದೆ. ಹರಿವು ಅಳೆಯುವ ಯಂತ್ರ ಕಾಲೇಜಿನಲ್ಲಿದೆ, ಆದರೆ ಅದನ್ನಿಟ್ಟ ಬೀರುವಿನ ಕೀಲಿಕೈ ನಿವೃತ್ತರಾದ ಅಟೆಂಡರ್ ಜೊತೆ ಜೇವರ್ಗಿಗೆ ಹೋಗಿಬಿಟ್ಟಿದೆ. ಹೀಗಾಗಿ ದಡದಲ್ಲಿ ಎರಡು ಗೂಟ ನೆಟ್ಟು, ತೇಲುವ ವಸ್ತುವೊಂದನ್ನು ನೀರಿಗೆ ಬಿಟ್ಟು, ಅದು ಗೂಟದಿಂದ ಗೂಟಕ್ಕೆ ಎಷ್ಟು ಹೊತ್ತಿನಲ್ಲಿ ಮುಟ್ಟುತ್ತದೆ ಎಂದು ನೋಡುವುದು ನಮ್ಮ ಪದ್ಧತಿ. ಅಫಜಲಪುರದ ಹುಡುಗನೊಬ್ಬ ಉತ್ಸಾಹದಲ್ಲಿ ತನ್ನ ಚಪ್ಪಲಿಯನ್ನೇ ಬಿಟ್ಟ. ಅದು ಜಾಲಿಯ ಬೇರಿಗೆ ಸಿಕ್ಕಿಕೊಂಡು, ಹಳ್ಳ ಹರಿಯುತ್ತಲೇ ಇಲ್ಲ ಎಂಬ ಲೆಕ್ಕ ಕೊಟ್ಟಿತು. ಕೊನೆಗೆ ಲ್ಯಾಬಿನಿಂದ ತಂದಿದ್ದ ಹಸಿರು ಬಣ್ಣದ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ ಸುರಿದೆ. ಬಣ್ಣ ಓಡಿದ ವೇಗ, ಹಳ್ಳದ ಅಗಲ, ಆಳ, ಮೂರನ್ನೂ ಗುಣಿಸಿದರೆ ಹರಿವು ಸಿಕ್ಕಿತು. ಹುಡುಗರು ಬರೆದುಕೊಂಡರು.

ಅರ್ಧ ಬಕೆಟ್ ಬಣ್ಣ ಉಳಿಯಿತು. ಬಕೆಟ್ಟು ನಮ್ಮ ಮನೆಯದಾದ್ದರಿಂದ ಬಣ್ಣವೂ ನಮ್ಮ ಮನೆಗೇ ಬಂತು. ಓಣಿಯ ಗಟಾರಕ್ಕೆ ಚೆಲ್ಲಿದರೆ ಜನ ಏನಂದಾರು ಎಂದು ಪಾಯಖಾನೆಗೆ ಸುರಿದು, ಮೇಲೆ ಮೂರು ಬಕೆಟ್ ನೀರು ಹಾಕಿದೆ. ತ್ಯಾಜ್ಯವನ್ನು ಸರಿಯಾದ ದಾರಿಗೆ ಹಚ್ಚಿದ ಸಮಾಧಾನದಲ್ಲಿ ಚಹಾ ಕುಡಿದೆ.

ಮೂರನೆಯ ದಿನ ಮುಂಜಾನೆ ಹಿಂದಿನ ಮನೆಯ ಯಶೋಧರಾ ಬಂದರು. ಅವರು ದವಾಖಾನೆಯಲ್ಲಿ ನರ್ಸ್. ನಮ್ಮಲ್ಲಿ ಲಿಂಗಪೂಜೆ, ಅವರಲ್ಲಿ ಬುದ್ಧವಂದನೆ. ನಡುವೆ ಒಂದು ಕಂಪೌಂಡ್ ಗೋಡೆ, ಗೋಡೆಯಾಚೆ ಅವರ ಬಾವಿ. ನಳ ಬರುವ ದಿನವನ್ನು ಯಾರೂ ಖಾತ್ರಿಯಾಗಿ ಹೇಳಲಾರದ ನಮ್ಮ ಬಡಾವಣೆಯಲ್ಲಿ ಅವರು ಕುಡಿಯುವುದು ಆ ಬಾವಿಯ ನೀರನ್ನೇ. ಕೈಯಲ್ಲಿ ಗಾಜಿನ ಲೋಟವಿತ್ತು.

"ಸರ್, ಸ್ವಲ್ಪ ನೋಡ್ರಿ. ಬಾವಿ ನೀರು ಹಸಿರು ಬರಾಕತ್ತಾವ್ರಿ. ನಿಮಗ ನೀರಿನ ವಿಷಯ ಗೊತ್ತದ ಅಂತ ತಂದೇನಿ."

ನೋಡಿದ ಕೂಡಲೆ ಅದು ನನ್ನ ಬಕೆಟ್ಟಿನ ಬಣ್ಣವೆಂದು ಗುರುತು ಸಿಕ್ಕಿತು. ಆದರೆ ಬಾಯಿ ನನ್ನನ್ನು ಕೇಳದೆ, "ಪಾಚಿ ಇರಬೇಕ್ರಿ ಸಿಸ್ಟರ್, ಮಳಿಗಾಲದಾಗ ಆಗ್ತದ" ಎಂದುಬಿಟ್ಟಿತು. ನಂಬಿಕೆ ಬರಲಿ ಎಂದು ಬಿಸಿಲು, ಪೋಷಕಾಂಶ ಎಂದು ಎರಡು ಮಾತನ್ನೂ ಸೇರಿಸಿದೆ. ಅವರು ನಂಬಿ, ಉಪಕಾರವಾಯಿತೆಂದು ಹೇಳಿ ಹೋದರು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುವರ್ಣಾ, "ಪಾಚಿ ನಮ್ಮ ಬಕೆಟ್‌ನಾಗೂ ಅದ ನೋಡ್ರಿ" ಎಂದಳು. "ಅಂದ್ರ ನಮ್ಮ ಪಾಯಖಾನಿದು ಅವರ ಬಾವಿಗಿ ಹೊಂಟದ. ಆ ಕೂಸು ಎರಡು ಸಲ ಯಾಕ ಸಲಾಯಿನ್ ಹಚ್ಚಿಸ್ಕೊಂಡು ಮಲಗಿತ್ತು, ಈಗ ಹೇಳ್ರಿ."

ಯಶೋಧರಾ ಅವರ ಐದು ವರ್ಷದ ಮಗಳಿಗೆ ಮಳೆ ಶುರುವಾದಾಗಿನಿಂದ ಎರಡು ಸಲ ವಾಂತಿಭೇದಿ ಆಗಿತ್ತು. ನಾನು ಬಿಸ್ಕತ್ತಿನ ಪುಡಿಕೆ ಹಿಡಿದು ನೋಡಲು ಹೋಗಿದ್ದೆ. ಕೈ ತೊಳೆದುಕೊಳ್ಳುವುದರ ಮಹತ್ವವನ್ನು ವಿವರಿಸಿ ಬಂದಿದ್ದೆ, ಅದೂ ಒಬ್ಬ ನರ್ಸ್‌ಗೆ.

ಮನೆ ಕಟ್ಟಿಸುವಾಗ ನನ್ನ ಭಾವಮೈದ ವಾಸ್ತು ನೋಡಿ, ಪಾಯಖಾನೆಯ ಇಂಗುಗುಂಡಿ ವಾಯವ್ಯ ಮೂಲೆಗೇ ಇರಬೇಕೆಂದಿದ್ದ. ಆ ಮೂಲೆಯಿಂದ ಬಾವಿಗೆ ನಾಲ್ಕೈದು ಮಾರು ದೂರ. ಬಾವಿಗೂ ಗುಂಡಿಗೂ ಎಷ್ಟು ಅಂತರ ಬೇಕೆಂಬ ಪ್ರಶ್ನೆಗೆ ತಪ್ಪು ಬರೆದ ಹುಡುಗರ ಅಂಕಗಳನ್ನು ನಿರ್ದಾಕ್ಷಿಣ್ಯವಾಗಿ ಕತ್ತರಿಸುವ ನಾನು, ಕೆಳಗೆ ಕಲ್ಲಿದೆ, ಏನೂ ಆಗುವುದಿಲ್ಲ ಎಂದು ಸುಮ್ಮನಾದೆ. ಕಲ್ಲಿನಲ್ಲಿ ಬಿರುಕುಗಳಿರುತ್ತವೆ, ಅವುಗಳಲ್ಲಿ ಹೊಲಸು ಸೋಸದೆ ಓಡುತ್ತದೆ ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳುವವನೂ ನಾನೇ.

ಅಂದು ಸಂಜೆ ಅವರ ಮನೆಗೆ ಹೋದೆ. ಅಭ್ಯಾಸಬಲದಿಂದ ಮೊದಲು ಕಾಗದದ ಮೇಲೆ ಚಿತ್ರ ಬರೆದೆ. ಗುಂಡಿ ಬರೆದೆ, ಬಾವಿ ಬರೆದೆ, ನಡುವೆ ಬಾಣದ ಗುರುತು ಹಾಕಲು ಕೈ ಬರಲಿಲ್ಲ. "ನಮ್ಮ ಗುಂಡಿದು ನಿಮ್ಮ ಬಾವಿಗಿ ಬರಾಕತ್ತದ್ರಿ. ತಪ್ಪು ನಂದು. ಮುಂಜಾನಿ ಸುಳ್ಳು ಹೇಳಿದ್ದೆ" ಎಂದೆ.

ಯಶೋಧರಾ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ. ಬಾವಿಯ ಕಡೆ ನೋಡುತ್ತ, "ನಮ್ಮ ಮುತ್ಯಾಗ ಊರ ಬಾವಿ ಮುಟ್ಟಾಕ ಬಿಡ್ತಿದ್ದಿಲ್ರಿ ಸರ್. ಅದಕ್ಕ ಆಯಿ, ಮುತ್ಯಾ ಕೂಡಿ ಇದನ್ನ ಕೈಲೇ ತೋಡ್ಯಾರ" ಎಂದರು.

ಅವರ ಅಜ್ಜನಿಗೆ ನೀರು ಬಿಡದವರಲ್ಲಿ ನಮ್ಮ ಹಿರಿಯರೂ ಇದ್ದಿರಬೇಕು. ಅದೇ ಅಜ್ಜನ ಮರಿಮಗಳಿಗೆ ನಾನು ಏನು ಕುಡಿಸಿದೆ ಎಂದು ನೆನೆದರೆ ಈಗಲೂ ನಾಚಿಕೆಯಿಂದ ತಲೆ ತಗ್ಗುತ್ತದೆ.

ಮರುದಿನವೇ ಪಾಯಖಾನೆಗೆ ಬೀಗ ಹಾಕಿದೆ. ಹೊಸ ವ್ಯವಸ್ಥೆ ಆಗುವವರೆಗೆ ನಾವು ಗಂಡ ಹೆಂಡತಿ ಇಬ್ಬರೂ ನಮ್ಮ ಅಗತ್ಯಗಳನ್ನು ಕಾಲೇಜಿನ ಶೌಚಾಲಯದ ವೇಳಾಪಟ್ಟಿಗೆ ಹೊಂದಿಸಿಕೊಂಡೆವು. ತಳಕ್ಕೆ, ಗೋಡೆಗೆ ಗಟ್ಟಿಯಾಗಿ ಸಿಮೆಂಟ್ ಮಾಡಿಸಿದ ಹೊಸ ಟ್ಯಾಂಕು ಬಾವಿಯಿಂದ ದೂರ, ಮನೆಯ ಮುಂದೆ, ವಾಸ್ತುವಿನವರ ದೇವಮೂಲೆಯಾದ ಈಶಾನ್ಯಕ್ಕೆ ಬಂತು. ಭಾವಮೈದ ಅದನ್ನು ನೋಡಿ ಊಟ ಮಾಡದೆ ಎದ್ದು ಹೋದ. ಬಾವಿಯನ್ನು ಮತ್ತೆ ಮತ್ತೆ ಖಾಲಿ ಮಾಡಿಸಿ ಔಷಧ ಹಾಕಿಸಿದೆವು. ಅಷ್ಟು ದಿನವೂ ಕುಡಿಯುವ ನೀರಿನ ಕ್ಯಾನನ್ನು ಅವರ ಮನೆಗೆ ಹೊತ್ತವನು ನಾನು. ಚಳಿಗಾಲದಲ್ಲಿ ಮೂರನೆಯ ಸಲ ಪರೀಕ್ಷೆಗೆ ಕಳಿಸಿದಾಗ ನೀರು ಕುಡಿಯಲು ಯೋಗ್ಯ ಎಂದು ವರದಿ ಬಂತು.

ವರದಿ ಹಿಡಿದು ಗಂಡ ಹೆಂಡತಿ ಇಬ್ಬರೂ ಹೋದೆವು. ಯಶೋಧರಾ ಆಗಷ್ಟೇ ಬಾವಿಯಿಂದ ಸೇದಿದ ನೀರನ್ನು ಲೋಟಕ್ಕೆ ಹಾಕಿ ನನ್ನ ಮುಂದಿಟ್ಟರು. "ಕುಡೀರಿ ಸರ್. ನೀವು ಕುಡಿದ ಮ್ಯಾಲ ಕೂಸಿಗಿ ಕೊಡ್ತೇನಿ."

ಕೈ ಲೋಟದವರೆಗೆ ಹೋಯಿತು, ಎತ್ತಲಿಲ್ಲ. ಆ ಬಾವಿಗೆ ನನ್ನ ಮನೆಯಿಂದ ಏನೇನು ಹೋಗಿತ್ತೆಂದು ಬಲ್ಲವನು ನಾನು, ಹಿಂಜರಿದದ್ದು ಅದಕ್ಕೇ. ಆದರೆ ತಮ್ಮ ಮನೆಯ ನೀರಿನ ಮುಂದೆ ನಮ್ಮಂಥವರ ಕೈ ಹಿಂಜರಿಯುವುದನ್ನು ಅವರ ಮನೆಯವರು ಅಜ್ಜನ ಕಾಲದಿಂದ ನೋಡಿದ್ದಾರೆ. ಯಶೋಧರಾ ಅವರ ಕಣ್ಣಿಗೆ ಎರಡೂ ಒಂದೇ ಕಂಡಿರಬೇಕು.

ಸುವರ್ಣಾ ನನ್ನ ಮುಂದಿನ ಲೋಟ ಎತ್ತಿ ಗಟಗಟನೆ ಕುಡಿದು, "ಭಾಳ ಸಿಹಿ ಅವ್ರಿ, ಸಿಸ್ಟರ್" ಎಂದಳು.

"ಸರ್‌ಗ ಇನ್ನೊಂದು ತರ್ತೇನಿ" ಎಂದು ಯಶೋಧರಾ ಒಳಗೆ ಹೋದರು. ಅವರು ಬರುವಷ್ಟರಲ್ಲಿ ನಾನು ವರದಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಹಾಳೆ ತಿರುವಿ ಹಿಂದುಗಡೆಯೂ ನೋಡಿದೆ. ಅಲ್ಲಿ ಏನೂ ಬರೆದಿರಲಿಲ್ಲ.